ಬೀಗ ಹಾಕಿದ ಉಪ್ಪು, ಬೆಂಗಳೂರಿಗೆ ಹೋದ ರಕ್ತ

ಚಳ್ಳಕೆರೆಯಲ್ಲಿ ಸಣ್ಣ ಲ್ಯಾಬ್ ಇಟ್ಟುಕೊಂಡವನು ನಗುವಿಗಾಗಿ ಎಲ್ಲಿಗೂ ಹೋಗಬೇಕಿಲ್ಲ, ಸಿಟ್ಟಿಗೂ ಅಷ್ಟೆ. ಎರಡೂ ಒಂದೇ ಬೆಂಚಿನ ಮೇಲೆ ಬಂದು ಕೂರುತ್ತವೆ. ಒಂದೇ ಮನೆಯವರಿಂದ ಬಂದದ್ದು ಇಷ್ಟು.

೧. ಕಳ್ಳತನ

ದೊಡ್ಡಉಳ್ಳಾರ್ತಿ ಕಡೆಯ ಕುರಿಗಾರರ ಮನೆ. ಸೊಸೆ ಬಡಕಲಾಗಿ ನನ್ನ ಲ್ಯಾಬಿನ ಗೋಡೆಗೆ ಒರಗಿದ್ದಳು. ಅತ್ತೆ ನನಗೇ ದೂರು ಕೊಟ್ಟಳು: "ಕೂತಲ್ಲಿಂದ ಏಳಲ್ಲ ಸಾರ್. ಅನ್ನ ಬ್ಯಾಡ, ಕುರಿಗಿಟ್ಟ ಉಪ್ಪು ಬೇಕು. ಕದ್ದು ನೆಕ್ತಾಳೆ. ಡಬ್ಬಿಗೆ ಬೀಗ ಹಾಕೀನಿ."

ರಕ್ತ ತೆಗೆಯುವಾಗ ನೋಡಿದೆ, ಅವಳ ಅಂಗೈ ಗೆರೆಗಳೆಲ್ಲ ಮಸಿ ಬಳಿದಂತೆ ಕಪ್ಪು.

"ಬಿಸಿಲಿಗೆ" ಎಂದಳು ಅತ್ತೆ.

ಮಗ ಬಾಯಿಬಿಟ್ಟ: "ಅವ್ವಾ, ಬಿಸಿಲಾಗೆ ಕುರಿ ಕಾಯೋನು ನಾನು. ಮನ್ಯಾಗಿರೋಳು ಹೆಂಗೆ ಕಪ್ಪಾದ್ಲು?"

"ನೀನು ಹುಟ್ಟಿದಾಗ್ಲೇ ಕಪ್ಪಿದ್ದೆ, ಸುಮ್ನಿರಲೇ."

೨. ಹತ್ತಿರದ್ದು

ಮೂತ್ರಪಿಂಡದ ನೆತ್ತಿಯ ಮೇಲೆ, ಮೈಯ ಉಪ್ಪನ್ನು ಹಿಡಿದಿಡುವ ಅಡ್ರಿನಲ್ ಎಂಬ ಪುಟ್ಟ ಗ್ರಂಥಿ ಇದೆ. ಅದು ಕೈಕೊಟ್ಟಿದೆಯೆಂದು, ಅವಳನ್ನು ನನ್ನಲ್ಲಿಗೆ ಕಳಿಸಿದ್ದ ಡಾಕ್ಟರು ಅಂದೇ ಮಾತ್ರೆ ಶುರುಮಾಡಿದರು. ಕೆಡಿಸಿದ್ದು ಟಿಬಿಯೋ, ಅಥವಾ ರೋಗದ ವಿರುದ್ಧ ಹೋರಾಡಬೇಕಾದ ಪ್ರತಿಕಾಯಗಳೇ ದಾರಿತಪ್ಪಿ ಗ್ರಂಥಿಯ ಮೇಲೆ ಬಿದ್ದವೋ, ತಿಳಿಯಬೇಕಿತ್ತು. ಟಿಬಿ ಎಂಬ ಮಾತು ಕಿವಿಗೆ ಬಿದ್ದ ದಿನವೇ ಸೊಸೆಯ ತಟ್ಟೆ ಕುರಿಹಟ್ಟಿಯ ಮೂಲೆಗೆ ಹೋಯಿತು.

ಪ್ರತಿಕಾಯಗಳ ಪರೀಕ್ಷೆ ನಮ್ಮಲ್ಲಿಲ್ಲ. ರಕ್ತವನ್ನು ಐಸ್ ಡಬ್ಬಿಯಲ್ಲಿಟ್ಟು ಬೆಂಗಳೂರಿನ ದೊಡ್ಡ ಲ್ಯಾಬಿಗೆ ಬಸ್ಸಿನಲ್ಲಿ ಕಳಿಸಿದೆ. ವಾರವಾದ ಮೇಲೆ ಬಂದದ್ದು ಮೂತ್ರಪಿಂಡದ ವರದಿ! ಫೋನ್ ಮಾಡಿದೆ.

"ನೀವು ಬರೆದ ಟೆಸ್ಟು ನಮ್ಮ ಲಿಸ್ಟಲ್ಲಿ ಕಾಣ್ಲಿಲ್ಲ ಸರ್. ಹತ್ತಿರದ್ದು ಮಾಡಿದೀವಿ."

"ಚಳ್ಳಕೆರೆಗೆ ಟಿಕೆಟ್ ಕೊಟ್ಟು ಹಿರಿಯೂರಲ್ಲಿ ಇಳಿಸ್ತಾರೇನ್ರಿ, ಹತ್ತಿರ ಅಂತ?"

"ಅದನ್ನ ಬಸ್ಸಿನೋರನ್ನೇ ಕೇಳ್ಬೇಕು ಸರ್."

ನಾನು ಕಡಿಮೆ ಮಾತಿನವನು. ಅಂದು ಮಾತ್ರ ಬೆಂಚಿನ ಮೇಲಿದ್ದ ಸಕ್ಕರೆ ಕಾಯಿಲೆಯವರೆಲ್ಲ ಎದ್ದು ಹೊರಗೆ ಹೋಗಿ ನಿಂತರು.

೩. ಪ್ರತಿಗಳು

ಮತ್ತೆ ರಕ್ತ ತೆಗೆದು ಕಳಿಸಿದೆ. ಈ ಸಲ ಸರಿಯಾದ ವರದಿ ಬಂತು: ಪ್ರತಿಕಾಯಗಳು ಧಾರಾಳವಾಗಿದ್ದವು. ಬೇರೆ ಪರೀಕ್ಷೆಗಳಲ್ಲೂ ಟಿಬಿಯ ಸುಳಿವಿರಲಿಲ್ಲ. ಡಾಕ್ಟರು ಹೇಳಿದ್ದನ್ನೇ ಅತ್ತೆಗೆ ಇನ್ನೊಮ್ಮೆ ಬಿಡಿಸಿ ಹೇಳಿದೆ: "ಇದು ಅಂಟೋದಲ್ಲಮ್ಮ. ಅವಳ ಮೈಯೇ ಅವಳ ಮೇಲೆ ಬಿದ್ದಿದೆ. ಅಂಗೈ ಕಪ್ಪಾದದ್ದೂ ಉಪ್ಪು ಬೇಡಿದ್ದೂ ಅದಕ್ಕೇ. ಕದ್ದದ್ದಲ್ಲ, ಮೈ ಕೇಳಿದ್ದು."

ಪಶ್ಚಾತ್ತಾಪಪಡುತ್ತಾಳೆಂದು ಕಾದೆ. ಅವಳು ವರದಿಯನ್ನು ತಿರುಗಿಸಿ ನೋಡಿದಳು.

"ಇದ್ರಾಗೆ ಅತ್ತೆ ಕಾರಣ ಅಂತ ಇಲ್ಲ ತಾನೆ? ಸೀಲು ಐತಾ? ಮೊಳಕಾಲ್ಮೂರಿನ ಬೀಗರು ನಾನೇ ಸೊಸೇನ ಒಣಗಿಸಿದೆ ಅಂತ ಊರೆಲ್ಲ ಆಡವ್ರೆ. ಇನ್ನೊಂದು ಪ್ರತಿ ಕೊಡ್ರಿ, ಅವ್ರ ಮುಖಕ್ಕೆ ಹಿಡೀತೀನಿ."

ಸಿಟ್ಟು ನುಂಗಿ ಎರಡನೇ ಪ್ರತಿ ಕೊಟ್ಟೆ.

ಅಷ್ಟು ದಿನ ಒಂದು ಮಾತೂ ಆಡದ ಸೊಸೆ ಬೆಂಚಿನಿಂದ ಎದ್ದು ನಿಂತಳು. ಮಾತ್ರೆಯಿಂದ ಮುಖಕ್ಕೆ ಕಳೆ ಬಂದಿತ್ತು.

"ಸಾರ್, ನಂಗೂ ಒಂದು ಕೊಡ್ರಿ. ಉಪ್ಪಿನ ಡಬ್ಬಿಗೆ ಬೀಗ ಐತಲ್ಲ, ಅದನ್ನ ಕಿತ್ತು ಆ ಜಾಗಕ್ಕೆ ಅಂಟಿಸ್ತೀನಿ."