ಕಂಪ್ಯೂಟರ್ ಒಪ್ಪದ ಬಿಪಿ ರೋಗಿಗಳು

ಜಿಲ್ಲೆಯ ಬಿಪಿ ರೋಗಿಗಳ ಮಾಹಿತಿಯನ್ನೆಲ್ಲ ಒಂದೇ ಅಚ್ಚಿಗೆ ತರುವ ಕೆಲಸ ನನ್ನದು. ಚಿತ್ರದುರ್ಗದ ಕಚೇರಿಯಲ್ಲಿ ಕೂತಿರುತ್ತೇನೆ. ತಾಲ್ಲೂಕುಗಳಿಂದ ಮಾಹಿತಿ ಬರುತ್ತದೆ, ಜೊತೆಗೆ ತಲೆನೋವೂ ಬರುತ್ತದೆ. ನಾನು ಸರಿಮಾಡಿ ಕಳಿಸಿದ ಹೆಸರುಗಳಿಗಷ್ಟೇ ಮುಂದಿನ ತಿಂಗಳ ಮಾತ್ರೆ. ಹಾಗಾಗಿ ಮೊದಲು ತಿದ್ದುತ್ತೇನೆ, ಆಮೇಲೆ ನಗುತ್ತೇನೆ. ನಗುವುದಕ್ಕೇನೂ ಬರವಿಲ್ಲ.

೧

ಹೊಳಲ್ಕೆರೆ ಕಡೆಯ ಒಂದು ಊರಿನ ಅಂಕಿ ನೋಡಿ ನನಗೇ ಬಿಪಿ ಏರಿತು. ಊರಿಗೆ ಊರೇ ನೂರಿಪ್ಪತ್ತು-ಎಂಬತ್ತು. ಎಲ್ಲರೂ ಸರಿಯಿದ್ದರೆ ಮಾತ್ರೆ ಯಾರಿಗೆ? ನರ್ಸಮ್ಮನಿಗೆ ಫೋನ್ ಮಾಡಿದೆ.

"ಏನ್ ಮಾಡ್ಲಿ ಸಾ, ಪಕ್ಕದ ಮನೆಯಾಕಿಗೆ ಜಾಸ್ತಿ ಬರ್ದು ನಂಗ್ಯಾಕೆ ಕಮ್ಮಿ ಬರ್ದೆ ಅಂತ ಜಗಳಕ್ಕೆ ಬರ್ತಾರೆ. ಅದ್ಕೇ ಎಲ್ರಿಗೂ ಸಮ ಹಂಚೀನಿ."

ಮತ್ತೆ ಅಳೆದು ಕಳಿಸಿ ಎಂದೆ.

"ಹಂಗಾರೆ ನೀವೂ ಬರ್ರಿ ಸಾ. ಬಿಡ್ಸಾಕೆ ಒಬ್ರು ಬೇಕು."

೨

ಹೊಸದುರ್ಗ ತಾಲ್ಲೂಕಿನ ಒಂದು ಊರಲ್ಲಿ ಮನೆಗೊಬ್ಬ ತಿಪ್ಪೇಸ್ವಾಮಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಎಲ್ಲರಿಗೂ ಜೂನ್ ಒಂದನ್ನೇ ಹುಟ್ಟಿದ ದಿನ ಮಾಡಿದ್ದರು. ಹೆಸರು, ಊರು, ತಾರೀಖು ಒಂದೇ ಕಂಡದ್ದೇ ಕಂಪ್ಯೂಟರ್ ಓರಗೆಯವರನ್ನೆಲ್ಲ ಸೇರಿಸಿ ಒಬ್ಬನನ್ನಾಗಿ ಮಾಡಿತು. ಮಾತ್ರೆಯೂ ಒಬ್ಬನಿಗೇ.

ಆಶಾ ಕಾರ್ಯಕರ್ತೆ ಫೋನ್ ಮಾಡಿದರು. "ಸಾ, ನಮ್ಮೂರಾಗೆ ತಿಪ್ಪೇಸ್ವಾಮಿ ಒಬ್ನೇ ಅಂತ ಬಂದೈತೆ. ಉಳಿದೋರು ನಮ್ಮನೆ ಮುಂದೆ ಕುಂತವ್ರೆ. ಅವ್ರು ಯಾರು ಅಂತ ನೀವೇ ಹೇಳ್ರಿ."

ತಂದೆಯ ಹೆಸರು ಕೊಡಿ, ಬೇರೆ ಮಾಡೋಣ ಎಂದೆ.

"ಅವ್ರೂ ತಿಪ್ಪೇಸ್ವಾಮಿನೇ ಸಾ."

ಫೋನ್ ನಂಬರ್ ಹಿಡಿದು ಬಿಡಿಸುವಷ್ಟರಲ್ಲಿ ನಾನೂ ಒಂದು ಮಾತ್ರೆ ನುಂಗಬೇಕಾಯಿತು.

೩

ಹಿರಿಯೂರಿನ ಕಡೆಯ ಅಜ್ಜಿಯೊಬ್ಬರು ಮಾತ್ರೆ ನಿಂತು ತಲೆ ಸುತ್ತುತ್ತಿದೆ ಎಂದು ಆರೋಗ್ಯ ಕೇಂದ್ರದಲ್ಲಿ ಕೂತುಬಿಟ್ಟರು. ಹುಡುಕಿದರೆ ರೋಗಿಗಳಲ್ಲಿ ಅವರ ಹೆಸರೇ ಇಲ್ಲ. ಸಿಕ್ಕಿದ್ದು ಪೋಲಿಯೊ ಹನಿ ಹಾಕಬೇಕಾದ ಮಕ್ಕಳಲ್ಲಿ. ಆ ವಯಸ್ಸಿಗೆ ಮಾತ್ರೆ ತಪ್ಪಬಾರದು; ನನಗೆ ನಿಜಕ್ಕೂ ಹೆದರಿಕೆಯಾಗಿ ಬಸ್ಸು ಹತ್ತಿದೆ.

ಅಲ್ಲಿ ಕಂಪ್ಯೂಟರಿಗೆ ಮಾಹಿತಿ ತುಂಬಿಸುವವನನ್ನು ಕೇಳಿದೆ. "ಹುಟ್ಟಿದ್ದು ಯಾವಾಗ ಅಂದ್ರೆ, ವಾಣಿವಿಲಾಸ ಡ್ಯಾಂ ಕೋಡಿ ಬಿದ್ದ ವರ್ಷ ಅಂದ್ರು ಸಾ. ಮೊನ್ನೆ ಮೊನ್ನೆ ಕೋಡಿ ಬಿದ್ದಾಗ ನಾನೇ ಹೋಗಿ ಸೆಲ್ಫಿ ತಗಂಡೀನಿ. ಆ ವರ್ಷನೇ ಹಾಕ್ದೆ."

ಅಜ್ಜಿ ಹೇಳಿದ್ದು ಬ್ರಿಟಿಷರ ಕಾಲದಲ್ಲಿ ಬಿದ್ದ ಕೋಡಿ.

"ಎದುರಿಗೆ ಕೂತವರನ್ನು ನೋಡಲಿಲ್ಲವೇನಪ್ಪ?"

"ಕಂಪ್ಯೂಟರ್ ನೋಡ್ತಿದ್ದೆ ಸಾ."

ತಿದ್ದಿಸಿ, ಮಾತ್ರೆಯನ್ನು ಅಜ್ಜಿಯ ಕೈಗೇ ಕೊಟ್ಟೆ. ಮನಸ್ಸು ಹಗುರಾಯಿತು. ಕಂಪ್ಯೂಟರ್ ನಿಮ್ಮನ್ನು ಎರಡು ವರ್ಷದ ಕೂಸು ಅಂದುಕೊಂಡಿತ್ತು ಅಜ್ಜಿ, ಎಂದೆ.

ಅಜ್ಜಿ ಮಾತ್ರೆಯನ್ನು ಎಲೆಅಡಿಕೆ ಚೀಲಕ್ಕೆ ಹಾಕಿ, ಬಾಯಿ ಬಿಗಿದು, ನನ್ನ ಕಡೆ ಎರಡೂ ಕೈ ಚಾಚಿದರು.

"ಹಂಗಾರೆ ಎತ್ಕಳಪ್ಪ. ಕೂಸು ಈ ಬಿಸ್ಲಾಗೆ ಮನೆ ಮಟ ನಡ್ಕಂಡು ಹೋಗ್ತೈತಾ?"