ಕಾಕಾನ ಪಾಪದಲ್ಲಿ ನನ್ನ ಪಾಲು

ನಮ್ಮ ಕಾಕಾ ಮಹಾಪಾಪಿ! ಸ್ವಂತ ಕಾಕಾನ ಬಗ್ಗೆ ಹೀಗೆ ಬರೆಯಬಹುದೇ ಎಂದು ಹುಬ್ಬೇರಿಸಬೇಡಿ. ಇದು ನನ್ನ ಮಾತಲ್ಲ. ಭಾಲ್ಕಿಯ ನಮ್ಮ ಚರ್ಚಿನಲ್ಲಿ ಪ್ರತಿ ಭಾನುವಾರ ಸಾಕ್ಷಿ ಹೇಳುವ ಹೊತ್ತಿಗೆ ಅವರೇ ಎದ್ದು ನಿಂತು, ಎದೆಗೆ ಕೈಯಿಟ್ಟು, ಹಿಂದಿನ ಸಾಲಿನ ಕಿವುಡಜ್ಜಿಗೂ ಕೇಳುವಂತೆ ಸಾರುತ್ತಿದ್ದ ಸಮಾಚಾರ. ಸಾರಲಿ, ಬೇಡವೆಂದವರಾರು? ಅವರ ಪಾಪ, ಅವರ ಬಾಯಿ. ನನ್ನ ತಕರಾರು ಬೇರೆ. ಅವರು ಒಂಟಿಯಾಗಿ ಪಶ್ಚಾತ್ತಾಪ ಪಡುತ್ತಿರಲಿಲ್ಲ! ಪಾಪ ಮಾಡುವಾಗ ಪಕ್ಕದಲ್ಲಿ ಯಾರಿದ್ದರೋ ಅವರ ಹೆಸರನ್ನೂ ಸೇರಿಸಿಯೇ ದೇವರ ಮುಂದಿಡುವುದು ಅವರ ಪದ್ಧತಿ. ಕಾಕಾ ನನಗಿಂತ ನಾಲ್ಕೈದು ವರ್ಷಕ್ಕಷ್ಟೇ ದೊಡ್ಡವರು; ಅವರ ಚಿಕ್ಕಂದಿನ ಮುಕ್ಕಾಲು ಪಾಪಗಳ ಪಕ್ಕದಲ್ಲಿ, ನನ್ನ ದುರ್ದೈವಕ್ಕೆ, ನಾನೇ ಇದ್ದೆ.

"ಸಾಯಗಾಂವದಾಗ ಗೌಡ್ರ ಹೊಲ ಹೊಕ್ಕು ಕಬ್ಬು ಮುರ್ದೆ, ಕರ್ತನೇ! ನನ್ ಸಂಗಟ ನಮ್ಮ ಸಂಸೋನ ಇದ್ದ. ನಾ ಒಂದು ತಿಂದೆ, ಅವ ಎರಡು ತಿಂದ."

ಇಡೀ ಸಭೆ ತಿರುಗಿ ನನ್ನತ್ತ ನೋಡಿತು. ಆಗ ನಾನೇನು ಚಡ್ಡಿ ಹಾಕಿದ ಹುಡುಗನೇ? ತಲೆಯ ಮೇಲೆ ಬುಟ್ಟಿ ಹೊತ್ತು ತೊಗರಿ ಮಾರುತ್ತ ಮಾರುತ್ತ, ಯಾರ ಹಂಗೂ ಇಲ್ಲದೆ ಪೇಟೆಯಲ್ಲಿ ಅಂಗಡಿ ಹಾಕಿ ಕೂತ ಮನುಷ್ಯ! ಮರುದಿನವೇ ಸಾಯಗಾಂವದ ಗೌಡರು ತೊಗರಿ ಮಾರಲು ಅಂಗಡಿಗೆ ಬಂದು, ದರದ ಮಾತು ಎತ್ತುವ ಮೊದಲೇ, "ಏನ್ ಸಂಸೋನಪ್ಪ, ನಮ್ಮ ಕಬ್ಬು ಸಿಹಿ ಇತ್ತೇನು?" ಎಂದು ನಕ್ಕರು. ಅಂಥವರೊಡನೆ ಯಾವ ಬಾಯಿಂದ ಚೌಕಾಸಿ ಮಾಡಲಿ? ವ್ಯಾಪಾರಕ್ಕೆ ಇಳಿಯುವ ತರುಣರಿಗೆ ನನ್ನ ಸಲಹೆ ಇಷ್ಟೆ: ಪಾಪ ಮಾಡಬೇಡಿ. ಮಾಡಲೇಬೇಕೆಂದರೆ ದೇವಭಕ್ತರ ಜೊತೆ ಮಾತ್ರ ಮಾಡಬೇಡಿ.

"ನಿಮ್ಮ ಪಾಪ ನೀವು ಹೇಳ್ಕೋರಿ. ನನ್ನ ಹೆಸರು ಯಾಕ ತಗೀತೀರಿ?" ಎಂದು ಜಗಳ ತೆಗೆದೆ.

"ಕೂಡೇ ಮಾಡೀವಲ್ಲೋ. ನಾ ಒಬ್ಬನ ಹ್ಯಾಂಗ ಹಸನ ಆಗ್ಲಿ?" ಎಂದರು. ಅವರ ಮುಖದಲ್ಲಿ ನಿಜಕ್ಕೂ ಚಿಂತೆಯಿತ್ತು. ಅದೇ ನನ್ನನ್ನು ಇನ್ನಷ್ಟು ರೇಗಿಸಿದ್ದು!

ಕಾಕಾ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ಮಂದಿಗೆ ಕಹಿ ಔಷಧ ಕುಡಿಸಿ ಕುಡಿಸಿ, ಕಹಿಯಾದದ್ದೆಲ್ಲ ಒಳ್ಳೆಯದೇ ಎಂಬ ಹುಚ್ಚು ತಲೆಗೇರಿತ್ತು. ಮಳೆಗೆ ಮನೆಯ ಗೋಡೆ ಕುಸಿದರೆ ಬೇರೆಯವರು ಗೌಂಡಿಯನ್ನು ಹುಡುಕುತ್ತಾರೆ. ಇವರು ಸ್ತೋತ್ರ ಹಾಡಿದರು! ನನ್ನ ಅಂಗಡಿಗೆ ಬಂದು, ಮೊರ ಹಿಡಿದು ತೊಗರಿ ಕೇರುತ್ತಿದ್ದ ಹೆಣ್ಣುಮಕ್ಕಳ ಕಡೆ ಕೈಮಾಡಿ, "ನೋಡಪ, ದೇವರು ನಮ್ಮನ್ನ ಹಿಂಗ ಹಸನ ಮಾಡ್ಲಾಕತ್ತಾನ" ಎಂದರು.

"ಹಸನ ಮಾಡಿದ್ರ ತೂಕ ಕಮ್ಮಿ ಆಗ್ತದ್ರಿ ಕಾಕಾ!"

"ಹೌದಲ್ಲ? ಅದಕ್ಕೇ ನಾವು ಒಲ್ಲೆ ಅಂತೀವಿ."

ಇಂಥವರ ಜೊತೆ ವಾದ ಹೂಡಿ ಯಾರು ಗೆದ್ದಾರು? ಅಷ್ಟಕ್ಕೇ ಬುದ್ಧಿ ಬರಬೇಕಿತ್ತು ನನಗೆ. ಆದರೂ ನನ್ನ ಎತ್ತು ಮಾರಲು ದನದ ಸಂತೆಗೆ ಅವರನ್ನು ಕರೆದುಕೊಂಡು ಹೋದೆ. ರುಮಾಲಿನ ಕೆಳಗೆ ಗಿರಾಕಿಯ ಕೈ ಹಿಡಿದು ಬೆರಳಲ್ಲೇ ದರ ಕುದುರಿಸುತ್ತಿದ್ದೆ. ಇನ್ನೇನು ಅವನು ಒಪ್ಪಬೇಕು, ಕಾಕಾ ಎತ್ತಿನ ಬೆನ್ನು ಸವರುತ್ತ, "ಭಾಳ ಛಲೋ ಎತ್ತದ. ಹಾಯ್ತದ, ಅಷ್ಟೇ" ಎಂದುಬಿಟ್ಟರು. ರುಮಾಲಿನ ಕೆಳಗೆ ನನ್ನ ಕೈಯೊಂದೇ ಉಳಿಯಿತು.

"ನಿಮ್ಮನ್ನ ಯಾರರ ಕೇಳಿದ್ರೇನು?" ಎಂದು ಹಾರಾಡಿದೆ.

"ಇವತ್ತು ಯಾರೂ ಕೇಳಿಲ್ಲಪ. ನಾಳಿ ಒಬ್ಬಾತ ಕೇಳ್ತಾನ" ಎಂದು ಮೇಲೆ ನೋಡಿದರು.

ಔರಾದಿಗೆ ನನಗೆ ಹೆಣ್ಣು ನೋಡಲು ಹೋದಾಗ ಹಿರಿಯರೆಂದು ಅವರನ್ನೇ ಮುಂದೆ ಕೂರಿಸಬೇಕಾಯಿತು. ಹುಡುಗಿಯ ಅಪ್ಪ ಸೌಜನ್ಯಕ್ಕೆ, "ಹುಡುಗ ಹ್ಯಾಂಗರಿ?" ಎಂದು ಕೇಳಿದರು. ಸೌಜನ್ಯಕ್ಕೆ ಕೇಳಿದ ಪ್ರಶ್ನೆಗೆ ಚಹಾ ಆರುವವರೆಗೂ ಉತ್ತರ ಕೊಡುವವರುಂಟೇ? ಕಬ್ಬು ಬಂತು, ಎತ್ತು ಬಂತು, ನನಗೇ ಮರೆತುಹೋಗಿದ್ದ ಬಗದಲ್‌ನ ಪೇರಲ ತೋಟವೂ ಬಂತು! ಆ ಹುಡುಗಿ ಒಳಗಿನಿಂದ ಎಲ್ಲ ಕೇಳಿಸಿಕೊಂಡು ಒಪ್ಪಿದಳು. ಇಂದಿಗೂ ಜಗಳವಾದಾಗ ನನ್ನ ಬಾಯಿ ಮುಚ್ಚಿಸಲು ಅವಳಿಗೆ ಒಂದೇ ಮಾತು ಸಾಕು: "ಎಲ್ಲಾ ಗೊತ್ತಿದ್ದೇ ಬಂದೀನ್ರಿ."

ಆಮೇಲೆ ನಗುವ ಕಾಲ ಹೋಯಿತು. ನಿಜಾಮರ ರಾಜ್ಯದ ಕೊನೆಯ ದಿನಗಳಲ್ಲಿ ರಜಾಕಾರರ ಹೆದರಿಕೆಗೆ ಊರೂರೇ ಬಾಗಿಲು ಹಾಕಿಕೊಂಡಿತ್ತು. ಪೊಲೀಸ್ ಆಕ್ಷನ್ ಆಯಿತು, ದಂಡು ಬಂತು. ಅಷ್ಟು ದಿನ ನುಂಗಿಕೊಂಡ ಸಿಟ್ಟನ್ನು ಕೆಲವರು ತೀರಿಸಿಕೊಳ್ಳಲು ಹೊರಟರು. ಯಾರ ಮೇಲೆ? ಬಂದೂಕು ಹಿಡಿದು ಮೆರೆದವರು ಯಾವಾಗಲೋ ಪರಾರಿ! ಸಿಕ್ಕವನು ಕಾಕಾನ ಪಕ್ಕದ ಮನೆಯ ಮುದಿ ಮುಸಲ್ಮಾನ ದರ್ಜಿ, ಊರಿಗೆಲ್ಲ ಅಂಗಿ ಹೊಲಿದುಕೊಟ್ಟ ಚಾಚಾ. ಇದೂ ಒಂದು ಗಂಡಸುತನವೇ? ಈಗ ನೆನೆದರೂ ಮೈ ಉರಿಯುತ್ತದೆ.

ಆ ಮಧ್ಯಾಹ್ನ ನಾನು ಕಾಕಾನ ಮನೆಯಲ್ಲೇ ಇದ್ದೆ. ಗುಂಪು ಚಾಚಾನ ಬಾಗಿಲು ಒಡೆಯುತ್ತಿದ್ದಂತೆ ಚಾಚಾ ಹೆಂಡತಿಯ ಕೈ ಹಿಡಿದು ನಮ್ಮ ಹಿತ್ತಲ ಬಾಗಿಲಿಗೆ ಬಂದ. ಕಾಕಿ ಇಬ್ಬರನ್ನೂ ಜೋಳದ ಚೀಲಗಳ ಹಿಂದೆ ಕೂರಿಸಿದರು.

ನಾನು ಕಾಕಾನ ತೋಳು ಹಿಡಿದೆ. "ಕೇಳಿದ್ರ 'ಯಾರೂ ಇಲ್ಲ' ಅನ್ರಿ. ಮುಗೀತು. ನಿಮ್ಮ ಕಾಲು ಬೀಳ್ತೇನಿ!"

"ಇದ್ದವರಿಗಿ ಇಲ್ಲ ಅಂತ ಹ್ಯಾಂಗ ಅನ್ಲೋ ಸಂಸೋನ?"

"ಹಂಗಾದ್ರ ನಾ ಅಂತೇನಿ! ನೀವು ಸುಮ್ಕ ನಿಂದರ್ರಿ!"

ಸುಮ್ಮನೆ ನಿಲ್ಲುವವರೇ ಅವರು? ನನಗಿಂತ ಮೊದಲೇ ಬಾಗಿಲು ತೆಗೆದು ಹೊಸ್ತಿಲ ಮೇಲೆ ನಿಂತರು. ಹೊರಗೆ ಬಡಿಗೆ ಹಿಡಿದ ಗುಂಪು. ಮುಂದೆ ಬೆಲ್ಲದ ವ್ಯಾಪಾರಿ ಶಂಕರಪ್ಪ, ಕಾಕಾನ ಚಿಕ್ಕಂದಿನ ಗೆಳೆಯ.

"ಕಂಪೌಂಡರ್, ಆ ಮುದುಕ ಒಳಗದಾನೇನು?"

"ಅದಾನಪ" ಎಂದರು ಕಾಕಾ! ನನ್ನ ಜೀವ ಅಲ್ಲೇ ಹಾರಿಹೋಯಿತು. "ಆದ್ರ ಮೊದಲ ನಾ ಪ್ರಾರ್ಥನಿ ಮಾಡ್ತೇನಿ. ಆಮ್ಯಾಲ ನನ್ನ ತುಳ್ದು ಒಳಗ ಹೋಗ್ರಿ."

ಹೊಸ್ತಿಲ ಮೇಲೆ ಮೊಣಕಾಲೂರಿದರು. ನನ್ನ ಧೋತರ ಜಗ್ಗಿ ನನ್ನನ್ನೂ ಮೊಣಕಾಲೂರಿಸಿದರು. ಕಣ್ಣು ಮುಚ್ಚಿ, ಭಾನುವಾರದ ಅದೇ ಗಂಟಲಲ್ಲಿ ಶುರು ಮಾಡಿದರು: "ಕರ್ತನೇ, ನಾ ಪಾಪಿ! ಮಂದಿ ಜಾತ್ರಿಗಂತ ಬಿಟ್ಟಿದ್ದ ಆಡು ಹಿಡ್ಕೊಂಡು ಹೋಗಿ ಕೊಯ್ದೆ. ನನ್ ಸಂಗಟ ಶಂಕರಪ್ಪ ಇದ್ದ. ತೊಡಿ ಅವ ತಿಂದ!"

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಶಂಕರಪ್ಪ ಕೆಂಪಾದ. ಕಾಕಾ ನಿಲ್ಲಿಸಲಿಲ್ಲ. "ಇವತ್ತು, ಕರ್ತನೇ, ನಾವೆಲ್ಲಾ ಕೂಡಿ ಒಬ್ಬ ಮುದುಕನ ಬಾಗಿಲಿ ಮುರ್ದೀವಿ. ಸಪ್ಪಳ ಕೇಳಿನೂ ನಾ ಒಳಗ ಕುಂತಿದ್ದೆ. ನನ್ ಸಂಗಟ ಯಾರ್ಯಾರು ಇದ್ರಂದ್ರ..."

ಇಷ್ಟು ಹೇಳಿ ಕಣ್ಣು ತೆರೆದರು. ಹೆಸರು ತಪ್ಪಬಾರದೆಂದು ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡತೊಡಗಿದರು. ಆ ಕಣ್ಣಲ್ಲಿ ನೀರಿತ್ತು. ಒಬ್ಬ ರುಮಾಲಿನಿಂದ ಮುಖ ಮುಚ್ಚಿಕೊಂಡ. ಇನ್ನೊಬ್ಬನಿಗೆ ಇದ್ದಕ್ಕಿದ್ದಂತೆ ಮನೆಯ ಕೆಲಸ ನೆನಪಾಯಿತು. ಹಿಂದಿನವರು ಕರಗಿದರು, ನಡುವಿನವರು ಸರಿದರು. ಕೊನೆಗೆ ಶಂಕರಪ್ಪನೊಬ್ಬನೇ ಉಳಿದ.

"ನನ್ನ ಹೆಸರು ತಗದೀ ಅಂದ್ರ ನೋಡು!" ಎಂದು ಹಲ್ಲು ಕಡಿದು ಅವನೂ ಹೋದ. ಕಾಕಾ ನನ್ನ ಹೆಗಲು ಹಿಡಿದು ಎದ್ದು, ಚಾಚಾನನ್ನು ಕರೆಯಲು ಒಳಗೆ ಹೋದರು.

ಮುಂದಿನ ಭಾನುವಾರ ಚರ್ಚಿನಲ್ಲಿ ಸಾಕ್ಷಿಯ ಹೊತ್ತು ಬಂತು. ಕಾಕಾ ಎದ್ದರು. ಬಾಗಿಲು ಮುರಿಯುವ ಸಪ್ಪಳ ಕೇಳಿಯೂ ತಾನು ಒಳಗೆ ಕುಳಿತಿದ್ದೆ ಎಂದರು. "ನನ್ ಸಂಗಟ..." ಎಂದು ನಿಲ್ಲಿಸಿ, ಜನ್ಮದಲ್ಲಿ ಮೊದಲ ಸಲ, ಯಾರ ಹೆಸರನ್ನೂ ಹೇಳದೆ ಕುಳಿತುಬಿಟ್ಟರು.

ಚರ್ಚಿನ ಬಾಗಿಲ ಹೊರಗೆ, ಚಪ್ಪಲಿಗಳ ಹತ್ತಿರ, ಯಾರೋ ಕೆಮ್ಮಿದರು. ಶಂಕರಪ್ಪ! ಹೆಗಲ ಮೇಲೆ ತೇಗದ ಹಲಗೆ.

"ಕಂಪೌಂಡರ್," ಎಂದ, ನೆಲ ನೋಡುತ್ತ. "ನನ್ನ ಹೆಸರು ಬಿಟ್ಟೆಲ್ಲೋ."

ಅಂದೇ ಇಬ್ಬರೂ ಕೂಡಿ ಚಾಚಾನ ಬಾಗಿಲು ಕೂರಿಸಿದರು. ಬಡಿಗತನ ಇಬ್ಬರಿಗೂ ಗೊತ್ತಿರಲಿಲ್ಲ. ಆ ಬಾಗಿಲು ಇಂದಿಗೂ ಓರೆ.

ಕಾಕಾ ತೀರಿಕೊಂಡು ಬಹಳ ಕಾಲವಾಯಿತು. ಈಗ ಸಾಕ್ಷಿಯ ಹೊತ್ತಿಗೆ ನಾನು ಬೆಂಚಿನ ಮೇಲೆ ನೆಮ್ಮದಿಯಾಗಿ ಕೂರಬಹುದು. ನನ್ನ ಹೆಸರು ಯಾರೂ ಎತ್ತುವುದಿಲ್ಲ. ಆದರೆ ಈ ಹಾಳು ಕಿವಿ ಅದಕ್ಕೇ ಕಾಯುತ್ತದಲ್ಲ! ಕಾಕಾ ಅಲ್ಲಿಯೂ ಸುಮ್ಮನಿರುವವರಲ್ಲ; ಕಬ್ಬಿನ ಲೆಕ್ಕ ಈಗಾಗಲೇ ಒಪ್ಪಿಸಿರುತ್ತಾರೆ. ಒಪ್ಪಿಸಲಿ, ಎರಡು ತಿಂದದ್ದು ನಿಜವೇ. ನನ್ನದು ಒಂದೇ ಚೌಕಾಸಿ: ಆ ಮಧ್ಯಾಹ್ನದ ಹೊಸ್ತಿಲ ಮಾತು ಬಂದಾಗಲೂ ಅವರು ಮರೆಯದೆ ಹೇಳಬೇಕು, "ನನ್ ಸಂಗಟ ನಮ್ಮ ಸಂಸೋನ ಇದ್ದ" ಎಂದು.