ಅವ್ವನ ಚಿಟಿಕೆ

ಹೆಂಡತಿಯ ಬಗ್ಗೆ ಹೆಮ್ಮೆಯಿದ್ದರೂ ಗಂಡಸು ಅದನ್ನು ಹೊರಗೆ ತೋರಿಸಬಾರದು ಎಂಬ ಮರ್ಯಾದೆ ನಮ್ಮ ಕಾಲದಲ್ಲಿತ್ತು. ನನಗೆ ಆ ಮರ್ಯಾದೆ ಎಂದೂ ಒಗ್ಗಲಿಲ್ಲ. ಶಿವಮೊಗ್ಗದಿಂದ ಭದ್ರಾವತಿಯ ಕಾರ್ಖಾನೆಗೆ ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದೆನಲ್ಲ, ಎದುರಿಗೆ ಕೂತವರು ಟೈಮೆಷ್ಟು ಎಂದು ಕೇಳಿದರೂ ಸಾಕು, 'ನಮ್ಮ ಮನೆಯವಳು ಯೂನಿವರ್ಸಿಟಿಯಲ್ಲಿ ಎಂ.ಎಸ್ಸಿ. ಓದ್ತಿದಾಳೆ. ಔಷಧಶಾಸ್ತ್ರ, ಜೊತೆಗೆ ವಿಷಶಾಸ್ತ್ರ' ಎನ್ನುತ್ತಿದ್ದೆ. ಔಷಧ ಎಂದಾಗ ತಲೆದೂಗಿದವರು ವಿಷ ಎಂದ ಕೂಡಲೇ ನನ್ನನ್ನು ಕನಿಕರದಿಂದ ನೋಡುತ್ತಿದ್ದರು. 'ಊಟ ಎಲ್ಲಿ ಮಾಡ್ತೀರಿ ಸ್ವಾಮಿ?' ಎಂದು ಒಬ್ಬರು ಕೇಳಿಯೇಬಿಟ್ಟರು.

ಈ ಹೆಮ್ಮೆಗೆ ಕುತ್ತು ಬಂದದ್ದು ನನ್ನ ಹೆಂಡತಿ ಗಿರಿಜೆ ಮೊದಲ ವರ್ಷ ಮುಗಿಸಿ, ಹಾಸ್ಟೆಲಿನಿಂದ ಶಿವಮೊಗ್ಗದ ಕೋಟೆ ಬೀದಿಯ ನಮ್ಮ ಮನೆಗೆ ರಜೆಗೆ ಬಂದಾಗ. ನಮ್ಮವ್ವ ಓಮ, ಬಜೆ, ಇನ್ನೂ ಏನೇನೋ ಕುಟ್ಟಿ ಹೊಟ್ಟೆನೋವಿಗೆ ಒಂದು ಪುಡಿ ಮಾಡಿಟ್ಟಿರುತ್ತಿದ್ದಳು. ಬೀದಿಯ ಮಕ್ಕಳಿಗೆಲ್ಲ ಅದೇ ಮದ್ದು. ಅವತ್ತು ಪಕ್ಕದ ಮನೆಯ ಗೌರಮ್ಮ ಮಗುವನ್ನು ಎತ್ತಿಕೊಂಡು ಬಂದಿದ್ದರು. ಅವ್ವ ಜೇನಿಗೆ ಚಿಟಿಕೆ ಪುಡಿ ಹಾಕುತ್ತಿದ್ದಾಗ ಗಿರಿಜೆ, 'ಅತ್ತೆ, ಚಿಟಿಕೆ ಅಂದ್ರೆ ಎಷ್ಟು? ಅಳತೆ ಹೆಚ್ಚಾದ್ರೆ ಮದ್ದೂ ವಿಷಾನೇ' ಅಂದುಬಿಟ್ಟಳು.

ಮುಗಿಯಿತಲ್ಲ! ಗೌರಮ್ಮ ಸರಕ್ಕನೆ ಮಗುವಿನ ಬಾಯಿಗೆ ಸೆರಗು ಮುಚ್ಚಿದರು. 'ಹಂಗಾದ್ರೆ ಇಷ್ಟು ವರ್ಷ ನಾನು ವಿಷ ಹಾಕ್ತಿದ್ದೆನಾ? ಇದನ್ನ ಕಲಿಯೋಕೆ ಹೋಗಿದ್ದಾ ನೀನು? ಓದಿದ್ದು ಸಾಕು, ಮನೇಲಿರು ಮಾರಾಯ್ತಿ' ಎಂದು ಅವ್ವ ಡಬ್ಬಿ ಮುಚ್ಚಿದಳು. ಮನೆಯಲ್ಲಿ ಅವ್ವನ ಮಾತೇ ಮಾತು. ಎರಡನೆಯ ವರ್ಷದ ಓದು ಅಲ್ಲಿಗೆ ಮಣ್ಣುಪಾಲಾಯಿತು ಎಂದುಕೊಂಡೆ. ರೈಲಿನಲ್ಲಿ ಅಷ್ಟು ಮಾತಾಡುವ ಶೂರ ನಾನು, ಗೋಡೆಯ ಕ್ಯಾಲೆಂಡರ್ ಓದುತ್ತ ನಿಂತೆ.

ಗಿರಿಜೆ ಅಳಲಿಲ್ಲ. ಎದುರುಮನೆಯ ಅಕ್ಕಸಾಲಿಗರಿಂದ ಚಿನ್ನ ತೂಗುವ ಪುಟ್ಟ ತಕ್ಕಡಿಯನ್ನೂ ತೂಕಕ್ಕಿಡುವ ಒಂದು ಹಿಡಿ ಗುಲಗಂಜಿಯನ್ನೂ ತಂದು ಅವ್ವನ ಮುಂದಿಟ್ಟಳು. 'ಹತ್ತು ಸಲ ಚಿಟಿಕೆ ಹಾಕಿ ಅತ್ತೆ, ನಾನು ತೂಗ್ತೀನಿ.' ಅವ್ವ ಸಿಟ್ಟಿನಲ್ಲೇ ಹಾಕುತ್ತ ಹೋದಳು. ಮೂರು ಗುಲಗಂಜಿ. ಮತ್ತೆ ಮೂರು. ಅಬ್ಬಾ, ಹತ್ತಕ್ಕೆ ಹತ್ತೂ ಮೂರೇ! ಗಿರಿಜೆಯ ಕಣ್ಣಲ್ಲಿ ನೀರು ಬಂತು. 'ನಮ್ಮ ಪ್ರಯೋಗಾಲಯದಲ್ಲಿ ಯಾರ ಕೈಯೂ ಹೀಗಿಲ್ಲ ಅತ್ತೆ' ಎಂದಳು. ಗೌರಮ್ಮ ಸೆರಗು ತೆಗೆದು ಮಗುವನ್ನು ಮುಂದೆ ಹಿಡಿದರು. ನನ್ನ ಎದೆ ಉಬ್ಬಿತು; ಹೆತ್ತವಳಿಗಾಗಿಯೋ ಕೈಹಿಡಿದವಳಿಗಾಗಿಯೋ, ಇವತ್ತಿಗೂ ಹೇಳಲಾರೆ.

ಅವ್ವ ಗೆದ್ದ ಗತ್ತಿನಲ್ಲಿ ಡಬ್ಬಿಯನ್ನು ನನ್ನತ್ತ ನೂಕಿದಳು. 'ನೀನೂ ಹಾಕೋ, ನೋಡಾಣ.' ಕಾರ್ಖಾನೆಯಲ್ಲಿ ನಾನು ತೂಕದ ಗುಮಾಸ್ತ. ವ್ಯಾಗನ್‌ಗಟ್ಟಲೆ ಅದಿರಿನ ತೂಕ ಬರೆದವನಿಗೆ ಚಿಟಿಕೆ ಯಾವ ಲೆಕ್ಕ? ನಗುತ್ತಲೇ ಮೂರು ಸಲ ಹಾಕಿದೆ. ಮೊದಲನೆಯದು ಎರಡು ಗುಲಗಂಜಿ ತೂಗಿತು, ಆಮೇಲಿನದು ಐದು, ಕೊನೆಯದು ಒಂಬತ್ತು.

ಅವ್ವ ತಕ್ಕಡಿಯನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಸೊಸೆಯ ಕಡೆ ತಿರುಗಿದಳು. 'ನೀನು ಹೋಗಿ ಓದು ಮುಗಿಸ್ಕೊಂಡೇ ಬಾ ಮಾರಾಯ್ತಿ. ನನ್ನ ಕೈ ಸೋತ ಮೇಲೆ ಈ ಡಬ್ಬಿ ಇವನ ಕೈಗೆ ಸಿಕ್ಕಿದ್ರೆ, ಬೀದಿ ಮಕ್ಕಳ ಗತಿ ಏನು?'